‘ಇನ್ನೊಂದು ಭಾಷೆ’ ಎಂದರೆ ಯಾವ ಭಾಷೆ, ಸ್ವಾಮಿ?

ಮೊಬೈಲ್ ಹ್ಯಾಂಡ್‌ಸೆಟ್ಟುಗಳ ಗುಣದೋಷ ವಿಮರ್ಶೆ ಇಂದು ನಮ್ಮ ಸರ್ಕಾರಿ ಕಚೇರಿಗಳಲ್ಲಿ ಊಟದ ವೇಳೆಯ ಮುಖ್ಯ ಉದ್ಯೋಗವಾಗಿಬಿಟ್ಟಿದೆ. ಹಿಂದೆ ತುಟ್ಟಿಭತ್ಯೆಯ ಕಂತು, ವರ್ಗಾವಣೆಯ ಪಟ್ಟಿ, ವೇತನ ಆಯೋಗ ಇವುಗಳಿಗೆ ಸಲ್ಲುತ್ತಿದ್ದ ಕಾಲವೆಲ್ಲ ಈಗ ಯಾರ ಸೆಟ್ಟಿನ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ಲು, ಯಾರ ಬ್ಯಾಟರಿ ಎಷ್ಟು ಹೊತ್ತು ತಾಳುತ್ತದೆ ಎಂಬ ಚರ್ಚೆಗೆ ಸಲ್ಲುತ್ತಿದೆ. ನಾವೂ ಇದರಲ್ಲಿ ಹಿಂದೆ ಬಿದ್ದವರಲ್ಲ. ಬಿ.ಎಸ್‌ಸಿ.ಗೆ ಭೌತಶಾಸ್ತ್ರ ಓದಿ, ಕೊನೆಗೆ ಕೇಂದ್ರ ಸರ್ಕಾರದ ಗುಮಾಸ್ತರಾದ ನಮ್ಮಂಥವರಿಗೆ ಪ್ರಯೋಗಶಾಲೆಯ ಚಟ ತೀರಿಸಿಕೊಳ್ಳಲು ಉಳಿದಿರುವ ಉಪಕರಣ ಇದೊಂದೇ. ಆದರೆ ಇಷ್ಟೆಲ್ಲ ಅಳೆದು ತೂಗುವವರಲ್ಲಿ ಒಬ್ಬರಾದರೂ, ‘ಈ ಸೆಟ್ಟಿನಲ್ಲಿ ನಮ್ಮ ತಾಯಿಗೆ ಓದಲು ಬರುವಂತೆ ನಾಲ್ಕು ಸಾಲು ಬರೆಯಬಹುದೇ? ಆಕೆ ತಿರುಗಿ ಬರೆಯಬಹುದೇ?’ ಎಂದು ಕೇಳಿದ್ದನ್ನು ನಾವು ಕಂಡಿಲ್ಲ. ಈ ಪರೀಕ್ಷೆಯನ್ನು ಬಿಟ್ಟು ಮಾಡಿದ ಹೋಲಿಕೆ ಹೋಲಿಕೆಯೇ ಅಲ್ಲ ಎಂಬುದು ನಮ್ಮ ವಾದ.

ಈ ವಾದ ಹುಟ್ಟಿದ್ದು ಒಂದು ಅವಮಾನದಿಂದ. ನಮ್ಮ ತಾಯಿಯವರು ಗದಗ ಜಿಲ್ಲೆಯ ಒಂದು ಹಳ್ಳಿಯಲ್ಲಿದ್ದಾರೆ. ಏಳನೆಯ ಇಯತ್ತೆಯವರೆಗೆ ಕಲಿತವರು. ಕನ್ನಡ ದಿನಪತ್ರಿಕೆಯನ್ನು ಕೊನೆಯ ಪುಟದ ಜಾಹೀರಾತಿನವರೆಗೂ ಬಿಡದೆ ಓದುವವರು. ಇಂಗ್ಲಿಷ್ ಅಕ್ಷರ ಬಾರದು. ಎರಡು ವರ್ಷದ ಹಿಂದೆ, ಸಂಬಳದಲ್ಲಿ ಸಾಲದ ಕಂತು ಮುರಿದುಕೊಂಡಿದ್ದಾರೆ, ಈ ತಿಂಗಳು ಹಣ ಕಳಿಸಲಾಗದು ಎಂದು ನಾಸಿಕದಿಂದ ಅವರ ಬಟನ್ ಫೋನಿಗೆ ಸಂದೇಶ ಕಳಿಸಿದೆವು. ಬಾಯಿಂದ ಹೇಳಲು ನಾಚಿಕೆಯಾಗಿ ಬರೆದದ್ದು. ಭಾಷೆ ಕನ್ನಡ, ಅಕ್ಷರ ಇಂಗ್ಲಿಷು. ಎಲ್ಲರೂ ಕಳಿಸುವ ಹಾಗೆ. ಅವರು ಫೋನನ್ನು ಕಿರಾಣಿ ಅಂಗಡಿಗೆ ಒಯ್ದು ಅಲ್ಲಿಯ ಹುಡುಗನ ಕೈಗೆ ಕೊಟ್ಟರು. ಆತ ಗಿರಾಕಿಗಳ ನಡುವೆ ಗಟ್ಟಿಯಾಗಿ ಓದಿದ. ಅಂದು ಸಂಜೆ ತಾಯಿಯವರು ಅಂದದ್ದು ಇಷ್ಟೇ: “ನಿನ್ನ ಸಾಲದ ಸುದ್ದಿ ಊರಿಗೆಲ್ಲಾ ಗೊತ್ತಾತಪ್ಪಾ. ನನಗ ಕಡೀಕ ಗೊತ್ತಾತು.”

ಮೊದಲು ನಾವು ಯಂತ್ರವನ್ನೇ ದೂರಿದೆವು. ಒಂದು ಕಾಲಕ್ಕೆ ಆ ದೂರು ನಿಜವೂ ಆಗಿತ್ತು. ಎಸ್ಸೆಮ್ಮೆಸ್ಸಿನ ಒಂದು ಸಂದೇಶದಲ್ಲಿ ಹಿಡಿಸುವುದು 140 ಬೈಟು. ಇಂಗ್ಲಿಷಿನ ಒಂದಕ್ಷರಕ್ಕೆ 7 ಬಿಟ್ ಸಾಕಾದ್ದರಿಂದ ಅದರಲ್ಲಿ 160 ಅಕ್ಷರ ಕೂರುತ್ತವೆ. ಕನ್ನಡದ ಒಂದೊಂದು ಸಂಕೇತಕ್ಕೆ 16 ಬಿಟ್ ಬೇಕಾದ್ದರಿಂದ 70 ಮಾತ್ರ. ಅದೂ ನಾವು ಮಗ್ಗಿ ಕಲಿತ ಕೈಬೆರಳಲ್ಲಿ ಎಣಿಸುವ ಎಪ್ಪತ್ತಲ್ಲ. ‘ರಾಷ್ಟ್ರಕೂಟ’ ಎಂಬುದು ನಮ್ಮ ಕಣ್ಣಿಗೆ ನಾಲ್ಕಕ್ಷರ, ಯಂತ್ರದ ಲೆಕ್ಕಕ್ಕೆ ಹತ್ತು. ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರದ ಕೊಂಡಿ ಎಲ್ಲಕ್ಕೂ ಬೇರೆ ಬೇರೆ ಜಾಗ. ಸಂದೇಶಕ್ಕೆ ಇಷ್ಟು ಪೈಸೆ ಎಂದು ತೆರುತ್ತಿದ್ದ ದಿನಗಳಲ್ಲಿ ಕನ್ನಡದಲ್ಲಿ ನಾಲ್ಕು ಮಾತು ಹೆಚ್ಚು ಬರೆದವನು ಎರಡು ಮೂರು ಸಂದೇಶದ ದುಡ್ಡು ತೆರಬೇಕಿತ್ತು. ಆಂಡ್ರಾಯ್ಡ್ ಸೆಟ್ಟುಗಳಿಗೆ ಕನ್ನಡ ಲಿಪಿಯ ಬೆಂಬಲ ಬಂದದ್ದು 2012ರ 4.1ನೆಯ ಆವೃತ್ತಿಯಲ್ಲಿ; ಅದಕ್ಕೆ ಮುಂಚೆ ಬಹಳಷ್ಟು ಸೆಟ್ಟುಗಳಲ್ಲಿ ಚೌಕದ ಡಬ್ಬಿಗಳ ಸಾಲೇ ದರ್ಶನ. ಐಫೋನಿನಲ್ಲಿ ಕಂಪನಿಯದೇ ಆದ ಕನ್ನಡ ಕೀಲಿಮಣೆ ಬಂದದ್ದು 2017ರಲ್ಲಿ, ಫೋನು ಹುಟ್ಟಿ ಹತ್ತು ವರ್ಷದ ಮೇಲೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವ ರೂಢಿ ಹುಟ್ಟಿದ್ದು ಈ ಅಡಚಣೆಯ ಕಾಲದಲ್ಲಿ. ಅಡಚಣೆ ಹೋಗಿ ವರ್ಷಗಳಾದವು. ರೂಢಿ ಮಾತ್ರ ಮುಂಬಯಿಯ ಹಳೆಯ ಪಗಡಿ ಬಾಡಿಗೆದಾರನ ಹಾಗೆ ಏಳಲೊಲ್ಲದು.

ಇರಲಿ. ತಾಯಿಯವರಿಗೆ ಹೊಸ ಫೋನು ಕೊಳ್ಳುವುದೆಂದು ನಿಶ್ಚಯಿಸಿದೆವು. ನಮ್ಮ ಸಂಸಾರ ನಾಸಿಕದಲ್ಲಿ. ನೌಕರಿ ಈಗ, 2023ರಿಂದ ಛತ್ರಪತಿ ಸಂಭಾಜಿನಗರವೆಂದು ಹೆಸರು ಹೊತ್ತಿರುವ ಹಿಂದಿನ ಔರಂಗಾಬಾದಿನಲ್ಲಿ. ಹೀಗಾಗಿ ಎರಡೂ ಊರಿನ ಪೇಟೆ ಸಿಕ್ಕಿತು. ನಾಸಿಕದ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಚಿರಂಜೀವಿಯೊಡನೆ ಎರಡು ಶನಿವಾರ, ಸಂಭಾಜಿನಗರದ ಪೈಠಣ ಗೇಟಿನ ಬಳಿ ಕಚೇರಿ ಬಿಟ್ಟ ಮೇಲೆ ಮೂರು ಸಂಜೆ ಅಲೆದೆವು. (ನಾಸಿಕದಲ್ಲಿ ಕೆನಡಾ ಕಾರ್ನರ್ ಎಂಬೊಂದು ಜಾಗವಿದೆ. ಹೊಸದಾಗಿ ಬಂದಾಗ ಬಸ್ಸಿನಲ್ಲಿ ಅದನ್ನು ‘ಕನ್ನಡ ಕಾರ್ನರ್’ ಎಂದು ಕೇಳಿಸಿಕೊಂಡು ಸಂಭ್ರಮದಿಂದ ಇಳಿದವರಲ್ಲಿ ನಾವು ಮೊದಲಿಗರೂ ಅಲ್ಲ, ಕೊನೆಯವರೂ ಆಗಲಾರೆವು.)

ಪ್ರಯೋಗವೆಂದ ಮೇಲೆ ಎಲ್ಲ ಸೆಟ್ಟಿಗೂ ಪ್ರಶ್ನೆ ಒಂದೇ ಇರಬೇಕು. ನಾವು ಆರಿಸಿದ್ದು ಮೇಲೆ ಹೇಳಿದ ‘ರಾಷ್ಟ್ರಕೂಟ’ವನ್ನೇ. ಮೂರು ವ್ಯಂಜನ ಒಂದರ ಕೆಳಗೊಂದು ಕೂರುವ ಪದ. ಸೋಗಲಾಡಿ ಸೆಟ್ಟು ಅಲ್ಲಿಯೇ ಎಡವುತ್ತದೆ. ಇನ್ನೊಂದು ಕಾರಣವೂ ಉಂಟು. ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರಿನಲ್ಲಿ ವೇರೂಳ, ಎಂದರೆ ಎಲ್ಲೋರ. ಅಲ್ಲಿಯ ಕೈಲಾಸ ದೇವಾಲಯ ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು. ಮರುಶತಮಾನದಲ್ಲಿ ಅದೇ ವಂಶದ ಆಸ್ಥಾನದಿಂದ ಬಂದ ಕವಿರಾಜಮಾರ್ಗ ಕನ್ನಡ ನಾಡಿನ ಬಡಗಣ ಮೇರೆಯೆಂದು ಹೇಳಿದ್ದು ಗೋದಾವರಿಯನ್ನು; ನಾಸಿಕದಲ್ಲಿ ನಮ್ಮ ಮನೆಯವರು ಮುಳುಗುಹಾಕುವ, ಪೈಠಣದ ಮುಂದೆ ಹರಿಯುವ ಇದೇ ಗೋದಾವರಿ. ಇದನ್ನು ಯಾರೂ ಗಡಿ ತಂಟೆಗೆ ಎಳೆಯಬೇಡಿ. ಮರಾಠಿ ನೆಲದ ಅನ್ನ ತಿನ್ನುವವರು ನಾವು. ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿಯುತ್ತಾರೆ, ಕಲಿಯಬೇಕು. ಈ ಊರುಗಳಲ್ಲಿ ಕನ್ನಡಿಗನೆಂದರೆ ನಿನ್ನೆ ರೈಲಿಳಿದವನಲ್ಲ ಎಂದು ಹೇಳುವುದಷ್ಟೇ ಉದ್ದೇಶ.

ಐದು ಬಗೆಯ ಬಟನ್ ಫೋನು ಹಿಡಿದು ನೋಡಿದೆವು. ಐದರಲ್ಲಿಯೂ, ಬಂದ ಕನ್ನಡ ಸಂದೇಶವನ್ನು ಓದಬಹುದಿತ್ತು. ರಾಷ್ಟ್ರಕೂಟರು ಐದರಲ್ಲಿಯೂ ಸರಿಯಾಗಿ ಕೂತರು. ಬರೆಯಲು ಹೋದರೆ ಇಂಗ್ಲಿಷು, ಹಿಂದಿ, ಮರಾಠಿ. ಎರಡರಲ್ಲಿ ಮೇಲೊಂದು ಗುಜರಾತಿ. ಕನ್ನಡ ಒಂದರಲ್ಲಿಯೂ ಇಲ್ಲ. ಅಂಗಡಿಯಾತ ಸಜ್ಜನ. “ಸಾಹೇಬ, ಹೇ ಮಾಡೆಲ್ ಇಕಡಚಂ ಆಹೇ” ಎಂದ. ಇದು ಈ ಕಡೆಯ ಮಾಲು, ನಿಮ್ಮ ಕಡೆಯದು ನಿಮ್ಮ ಕಡೆ ಸಿಗುತ್ತದೆ ಎಂದು ಅರ್ಥ.

ಆತನನ್ನು ಬೈದು ಪ್ರಯೋಜನವಿಲ್ಲ. ನಿಯಮವೇ ಹಾಗಿದೆ. ಭಾರತೀಯ ಮಾನಕ ಬ್ಯೂರೋದ ಐ.ಎಸ್. 16333, ಮೂರನೆಯ ಭಾಗ, 2016ರದು. ದೇಶದಲ್ಲಿ ಮಾರುವ ಮೊಬೈಲುಗಳೆಲ್ಲ 22 ಭಾಷೆಗಳನ್ನು ಓದಲು ಬರುವಂತೆ ತೋರಿಸಬೇಕು. ಬರೆಯಲು ಮಾತ್ರ ಇಂಗ್ಲಿಷು, ಹಿಂದಿ, ಮತ್ತು ಕನಿಷ್ಠ ಇನ್ನೊಂದು ಭಾರತೀಯ ಭಾಷೆ ಇದ್ದರೆ ಸಾಕು. 2017ರ ಜುಲೈ 1ರಿಂದ ಜಾರಿ ಎಂದರು, ಆಮೇಲೆ ಗಡುವು ಮುಂದೆ ಹೋಯಿತು; ಅದು ನಮ್ಮ ಕಚೇರಿಗಳ ಧರ್ಮ, ಅದಕ್ಕೆ ನಾವು ಬೆರಗಾಗುವುದಿಲ್ಲ. ಬೆರಗು ‘ಇನ್ನೊಂದು’ ಎಂಬ ಮಾತಿಗೆ. ಯಾವುದು ಆ ಇನ್ನೊಂದು? ಆರಿಸುವವರು ಯಾರು? ದುಡ್ಡು ಕೊಡುವವನಂತೂ ಅಲ್ಲ. ಇಪ್ಪತ್ತೆರಡು ಭಾಷೆಯವನೂ ಓದಬಹುದು, ಬರೆಯಬೇಕೆಂದರೆ ತಯಾರಕನ ಮರ್ಜಿ. ಕೇಳಿಸಿಕೊಳ್ಳಲು ಕಿವಿ ಕೊಟ್ಟು ಬಾಯಿಗೆ ಬೀಗ ಹಾಕಿದ ಹಾಗಾಯಿತು.

ನಾವು ನೌಕರಿಗೆ ಸೇರುವಾಗ ಕೈಗೆ ಬಂದ ಆದೇಶದಲ್ಲಿ ಭಾರತದ ಯಾವ ಮೂಲೆಗಾದರೂ ವರ್ಗಾವಣೆಗೆ ಬದ್ಧ ಎಂದು ಬರೆದಿತ್ತು. ರುಜು ಹಾಕಿದೆವು, ಬಂದೆವು. ನಾಸಿಕ ರೋಡಿನ ಮುದ್ರಣಾಲಯ, ಓಝರಿನ ಎಚ್.ಎ.ಎಲ್., ದೇವಳಾಲಿಯ ತೋಪುದಳದ ಕೇಂದ್ರ ಇವೆಲ್ಲ ಇರುವ ಊರಿಗೆ ಹೀಗೆ ರುಜು ಹಾಕಿ ಬಂದವರಿಗೆ ಲೆಕ್ಕವಿಲ್ಲ. ಮನುಷ್ಯನನ್ನು ಎಲ್ಲಿಗಾದರೂ ಕಳಿಸುವ ಸರ್ಕಾರ ಅವನ ಅಕ್ಷರವನ್ನು ಅವನ ಜೊತೆ ಕಳಿಸಬೇಡವೇ? ಇದು ಸಾಧ್ಯವೆಂಬುದಕ್ಕೆ ಸಾಕ್ಷಿ ನಾಸಿಕ ರೋಡಿನಲ್ಲಿಯೇ ಅಚ್ಚಾಗುತ್ತದೆ. ನೋಟಿನ ಹಿಂಬದಿಯನ್ನು ತಿರುವಿ ನೋಡಿ. ಭಾಷೆಗಳ ಪಟ್ಟಿಯಲ್ಲಿ 15 ಸಾಲು. ಅಸ್ಸಾಮಿ, ಬಂಗಾಳಿ, ಗುಜರಾತಿ ಆದ ಮೇಲೆ ನಾಲ್ಕನೆಯದು ಕನ್ನಡ. ಆ ನೋಟು ನಾಸಿಕದಲ್ಲಿ ಖರ್ಚಾಗಲಿ, ಗುವಾಹಾಟಿಯಲ್ಲಿ ಖರ್ಚಾಗಲಿ, ‘ನಾನು ಈ ಕಡೆಯ ಮಾಲು’ ಎಂದು ಕನ್ನಡದ ಸಾಲನ್ನು ಅಳಿಸಿಕೊಳ್ಳುವುದಿಲ್ಲ. ಅದೇ ನೋಟು ಕೊಟ್ಟು ಕೊಂಡ ಸೆಟ್ಟಿಗೆ ಮಾತ್ರ ಈ ಬಿನ್ನಾಣ.

ಪುಟ್ಟ ಯಂತ್ರ, ಸ್ಥಳವಿಲ್ಲ ಎಂಬ ಉತ್ತರ ಬರುತ್ತದೆಂದು ಬಲ್ಲೆವು. 22 ಭಾಷೆಯ ಅಕ್ಷರಗಳ ಚಿತ್ರಗಳನ್ನು ಆಗಲೇ ಹೊಟ್ಟೆಯಲ್ಲಿಟ್ಟುಕೊಂಡ ಯಂತ್ರಕ್ಕೆ, ಆ ಅಕ್ಷರಗಳನ್ನು ಹನ್ನೆರಡು ಬಟನ್ನಿಗೆ ಹಂಚುವ ಒಂದು ಕೋಷ್ಟಕ ಭಾರವಾಗುವುದೇ? ಪದ ಊಹಿಸುವ ನಿಘಂಟು ಬೇಡ. ಊಹೆಯ ಕೆಲಸ ನಮ್ಮ ತಾಯಿಯವರೇ ಮಾಡಿಕೊಳ್ಳುತ್ತಾರೆ.

ಕೊನೆಗೆ ಅಗ್ಗದ ಸ್ಮಾರ್ಟ್‌ಫೋನೇ ಗತಿಯಾಯಿತು. ಅಲ್ಲಿ ಬೇಕಾದ ಕೀಲಿಮಣೆ ಇಳಿಸಿಕೊಳ್ಳಬಹುದು, ದುಡ್ಡಿಲ್ಲ. ಆದರೆ ಆ್ಯಪುಗಳನ್ನು ಹೊಗಳುವವರೂ ಯಾರಿಗಾಗಿ ಎಂದು ಯೋಚಿಸಿದ ಹಾಗೆ ಕಾಣೆ. ಎಲ್ಲರೂ ಮೊದಲು ತೋರಿಸುವುದು ಇಂಗ್ಲಿಷಿನಲ್ಲಿ ಒತ್ತಿದರೆ ಕನ್ನಡವಾಗುವ ಬಗೆಯನ್ನು. ನಮಗದು ಅನುಕೂಲ, ಇಂಗ್ಲಿಷ್ ಬಾರದವರಿಗೆ ಆನೆ ಕೊಟ್ಟು ಅಂಕುಶ ಕೊಡದ ಹಾಗೆ. ಕನ್ನಡ ಓದಲು ಬಾರದವರಿಗೆ ಇನ್ನೂ ಅಪಾಯ. ನಮ್ಮ ಚಿರಂಜೀವಿ ದೇವನಾಗರಿ ಬಲ್ಲ, ಕನ್ನಡ ಮಾತನಾಡಬಲ್ಲ, ಓದಲಾರ. ಅಜ್ಜಿಗೆ ಕಾಲುನೋವು ಹೇಗಿದೆ ಎಂದು ಕೇಳಹೋಗಿ, ಸೆಟ್ಟು ಮುಂದಿಟ್ಟ ಪದಗಳಲ್ಲಿ ಮೊದಲನೆಯದನ್ನು ಒತ್ತಿ “ಕಾಳು ನೋವು ಹೆಂಗೈತಿ?” ಎಂದು ಕಳಿಸಿದ. ಕಾಳು ಆರಿಸುತ್ತ ಕೂತಾಗಲೇ ಇದು ಬಂತಂತೆ. ಅಜ್ಜಿ ವಾರವಿಡೀ ನಕ್ಕರು.

ಐ.ಐ.ಟಿ. ಮುಂಬಯಿಯವರು 2013ರಲ್ಲಿ ಹೊರತಂದ ‘ಸ್ವರಚಕ್ರ’ ನಮ್ಮ ಮಟ್ಟಿಗೆ ಬುದ್ಧಿವಂತರ ಕೆಲಸ. ವ್ಯಂಜನವನ್ನು ಮುಟ್ಟಿದರೆ ಸುತ್ತ ಕಾಗುಣಿತ ಚಕ್ರದಂತೆ ಬಿಚ್ಚಿಕೊಳ್ಳುತ್ತದೆ. ಬೇಕಾದ ಕಡೆಗೆ ಬೆರಳು ಸರಿಸುವುದು. ಕಾಗುಣಿತ ಕಲಿತವರಿಗೆ ಹೇಳಿಕೊಡಬೇಕಾದ್ದೇನೂ ಇಲ್ಲ. ತೊಂದರೆಯೆಂದರೆ ವಯಸ್ಸಾದವರ ಬೆರಳಿನ ನಡುಕಕ್ಕೆ ‘ಕಿ’ ಹೋಗಿ ‘ಕೀ’ ಆಗುತ್ತದೆ. ಧ್ವನಿ ಕೇಳಿ ಬರೆಯುವ ಸೌಕರ್ಯವನ್ನು ಗೂಗಲ್ 2017ರಲ್ಲಿ ಕನ್ನಡಕ್ಕೂ ಕೊಟ್ಟಿತು. ಪಠ್ಯಪುಸ್ತಕದ ಕನ್ನಡ ನುಡಿದರೆ ಮೆಚ್ಚುವಂತೆ ಬರೆಯುತ್ತದೆ; “ಬರಾಕತ್ತೀನಿ, ತಡಿ” ಎಂದರೆ ನಮ್ಮ ಸೆಟ್ಟು ಮೂರು ಸಲ ಮೂರು ತರಹ ಬರೆಯಿತು. ಗೆದ್ದದ್ದು, ಪ್ರಚಾರದಲ್ಲಿ ಎಲ್ಲಿಯೂ ಮುಂದೆ ನಿಲ್ಲದ ಕೈಬರಹ. ಬೆರಳಿನಿಂದ ಗಾಜಿನ ಮೇಲೆ ಗೀಚಿದರೆ ಅಚ್ಚಿನ ಅಕ್ಷರವಾಗುವ ಈ ವಿದ್ಯೆಯನ್ನು ಗೂಗಲ್ 2015ರಲ್ಲಿ 82 ಭಾಷೆಗಳಿಗೆ ಬಿಟ್ಟಿತು; ಈಗ ಜಿಬೋರ್ಡ್ ಕೀಲಿಮಣೆಯೊಳಗೇ ಇದೆ, ಸ್ವಲ್ಪ ಹುಡುಕಬೇಕು. ರಜೆಯಲ್ಲಿ ಊರಿಗೆ ಹೋಗಿ ತೋರಿಸಿದಾಗ ತಾಯಿಯವರು, “ಪಾಟಿ ಇದ್ದಂಗೈತಲ್ಲೋ” ಎಂದರು. ಐವತ್ತು ಮೆಗಾಪಿಕ್ಸೆಲ್ಲಿನ ವಿಮರ್ಶಕರಿಂದ ಇಂಥ ತೀರ್ಪು ನಮಗೆ ಸಿಕ್ಕಿರಲಿಲ್ಲ.

ಇನ್ನು ನಮ್ಮವರ ಮಾತು. ಮಾನಕ ಬ್ಯೂರೋವನ್ನು ಬೈಯುವುದು ಸುಲಭ, ಅದು ದಿಲ್ಲಿಯಲ್ಲಿದೆ. ನಮ್ಮ ಸಂಘಗಳ ವಾಟ್ಸ್ಯಾಪ್ ಬಳಗಗಳನ್ನು ಒಮ್ಮೆ ತೆರೆದು ನೋಡಿ, ಮಹನೀಯರೇ. ನವೆಂಬರ್ 1ರಂದು ಕನ್ನಡಾಂಬೆಗೆ ಜಯಕಾರ, ಇಂಗ್ಲಿಷ್ ಅಕ್ಷರದಲ್ಲಿ. ಶ್ರದ್ಧಾಂಜಲಿ ಇಂಗ್ಲಿಷ್ ಅಕ್ಷರದಲ್ಲಿ. ಆ ಲಿಪಿಯಲ್ಲಿ ಹಾಲಿಗೂ ಹಾಳಿಗೂ ಕಾಗುಣಿತ ಒಂದೇ. ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಆಮಂತ್ರಣವನ್ನು ಯಾರಾದರೂ ಇನ್ನೊಂದು ತರಹ ಓದಿಕೊಂಡರೆ ತಪ್ಪು ಯಾರದು? ಹೀಗೆ ಬರೆಯುವವರ ಕೈಯಲ್ಲಿರುವುದು ಹದಿನೈದು ಸಾವಿರದ, ಐವತ್ತು ಸಾವಿರದ ಸೆಟ್ಟುಗಳು. ಅವುಗಳಲ್ಲಿ ಕನ್ನಡ ಸೆಟ್ಟಿಂಗಿನೊಳಗೆ ಕೂತು ಕಾಯುತ್ತಿದೆ. ಕೇಳಿದರೆ, ವೇಳೆಯಿಲ್ಲ, ನಿಧಾನವಾಗುತ್ತದೆ. ಬೆಳಗಿನ ಶುಭೋದಯದ ಹೂವಿನ ಚಿತ್ರಗಳನ್ನು ನಲವತ್ತು ಮಂದಿಗೆ ಹಂಚಲು ವೇಳೆಯಿದೆ.

ಧ್ವನಿಸಂದೇಶ ಕಳಿಸಿದರೆ ಸಾಲದೇ ಎಂದು ಕಚೇರಿಯ ಮಿತ್ರರೊಬ್ಬರು ಕೇಳಿದರು. ಮಗನ ಸಾಲದ ಸುದ್ದಿಯನ್ನು ಕೂಗಿ ಹೇಳುವುದೇ ಆದರೆ ಕಿರಾಣಿ ಅಂಗಡಿಯ ಹುಡುಗನೇ ಸಾಕಿತ್ತು. ಕಾಗದವೆಂದರೆ ಒಬ್ಬರೇ ಕೂತು ಎರಡನೆಯ ಸಲ ಓದುವಂಥದು. ನಮ್ಮ ತಂದೆಯವರ ಕಾರ್ಡುಗಳನ್ನು ತಾಯಿಯವರು ಇಂದಿಗೂ ತಂತಿಗೆ ಪೋಣಿಸಿ ಇಟ್ಟಿದ್ದಾರೆ.

ಆದ್ದರಿಂದ ಸಂಘದ ಪದಾಧಿಕಾರಿಗಳಲ್ಲಿ ನಮ್ಮ ಬೇಡಿಕೆ ಎರಡು. ಮುಂದಿನ ವಾರ್ಷಿಕ ಸಭೆಯಲ್ಲಿ ಉಪಾಹಾರದ ಕೂಪನ್ನಿನ ಮೇಜಿನ ಪಕ್ಕಕ್ಕೆ ಇನ್ನೊಂದು ಮೇಜು ಹಾಕಿಸಿ, ನಾಲ್ಕು ಜನ ಹುಡುಗರನ್ನು ಕೂರಿಸಿ, ಬಂದವರ ಸೆಟ್ಟಿನಲ್ಲಿ ಕನ್ನಡವನ್ನು ತೆರೆದುಕೊಡಿ. ಬೇಕಾದರೆ ಆಮೇಲೆ ಕೂಪನ್ನು ಕೊಡಿ. ಮತ್ತು ಎಲ್ಲ ಹೊರನಾಡ ಸಂಘಗಳೂ ಸೇರಿ ಬ್ಯೂರೋಗೆ ಒಂದು ಮನವಿ ಬರೆಯಲಿ: ಆ ‘ಇನ್ನೊಂದು ಭಾಷೆ’ಯನ್ನು ಕೊಳ್ಳುವವನು ಸೆಟ್ಟನ್ನು ಮೊದಲ ಸಲ ಹಚ್ಚುವಾಗ ತಾನೇ ಆರಿಸುವಂತಿರಬೇಕು. ಗುಜರಾತಿ, ತಮಿಳು, ಬಂಗಾಳಿ ಸಂಘಗಳವರೂ ರುಜು ಹಾಕಲು ಬರಬಹುದು. ಅವರ ತಾಯಂದಿರೂ ಎಲ್ಲೋ ಕಿರಾಣಿ ಅಂಗಡಿಗೆ ಹೋಗುತ್ತಿರಬಹುದು. ಕರಡು ಬರೆಯುವ ಕೆಲಸ ನಮಗಿರಲಿ. ಕರಡು ಬರೆದೇ ನಮ್ಮ ಇಪ್ಪತ್ತು ವರ್ಷ ಕಳೆದಿದೆ.

ಊರಿಂದ ಮರಳಿ ಮೂರನೆಯ ದಿನ, ಕಚೇರಿಯಲ್ಲಿ ಫೈಲಿನ ಮೇಲೆ ಟಿಪ್ಪಣಿ ಬರೆಯುತ್ತಿದ್ದಾಗ ತಾಯಿಯವರ ಮೊದಲ ಸಂದೇಶ ಬಂತು. “ಮುಟ್ಟಿದ್ದು ತಿಳೀತು. ಕಂತು ಎಷ್ಟು ಉಳದಾವು ಬರಿ. ಅಕ್ಷರ ಸಣ್ಣ ಅದಾವು, ದೊಡ್ಡವು ಮಾಡೂದು ಎಲ್ಲಿ ಅದನ್ನೂ ಬರಿ.”