ಯಾವ ದ್ವೀಪಕ್ಕೆ ಹೋಗುವುದು ಲೇಸು?

ಅಂತರಘಟ್ಟೆಯ ಸೀಮೆಯವರಿಗೆ ಪ್ರಯಾಣವು ಹೊಸದಲ್ಲ. ಅಮ್ಮನವರ ಜಾತ್ರೆಗೆ ದೂರದ ಊರುಗಳಿಂದಲೂ ಎತ್ತಿನ ಗಾಡಿ ಕಟ್ಟಿಕೊಂಡು ಮನೆಮಂದಿಯೆಲ್ಲ ಬರುವುದನ್ನು ಅವರು ತಲೆತಲಾಂತರದಿಂದ ಕಂಡಿದ್ದಾರೆ. ಈಚೆಗೆ ಆ ಭಾಗದ ಸದ್ಗೃಹಸ್ಥರು ಹೊಸ ಪ್ರಶ್ನೆಯೊಂದನ್ನು ನಮ್ಮ ಮುಂದಿರಿಸುತ್ತಿದ್ದಾರೆ: ಮಕ್ಕಳು ಕಡಲ ನಡುವಿನ ದ್ವೀಪವನ್ನು ನೋಡಬಯಸುತ್ತಾರೆ, ಯಾವುದಕ್ಕೆ ಕರೆದೊಯ್ಯುವುದು ಲೇಸು? ಪ್ರಶ್ನೆ ಸಣ್ಣದೇನಲ್ಲ. ಅಡಕೆ, ತೆಂಗು, ಈರುಳ್ಳಿಯಿಂದ ಬಂದ ವರ್ಷದ ಉಳಿತಾಯವೂ ಮನೆಯ ಹಿರಿಯರ ಮನಸ್ಸೂ ಅದರಲ್ಲಿ ಅಡಗಿವೆ.

ಮೊದಲನೆಯದಾಗಿ ಅಂಡಮಾನ್. ಚೆನ್ನೈನಿಂದ ಸಾವಿರಕ್ಕೂ ಹೆಚ್ಚು ಕಿ.ಮೀ. ದೂರ. ಹಡಗಿನಲ್ಲಿ ಎರಡು ಮೂರು ದಿನ, ವಿಮಾನದಲ್ಲಿ ಕೆಲವೇ ಗಂಟೆ. ರಾಜಧಾನಿ ಪೋರ್ಟ್‌ಬ್ಲೇರ್‌ಗೆ 2024ರಲ್ಲಿ ಶ್ರೀವಿಜಯಪುರವೆಂಬ ಹೆಸರಾಗಿದೆ. 1906ರಲ್ಲಿ ಕಟ್ಟಿ ಮುಗಿದ ಸೆಲ್ಯುಲಾರ್ ಜೈಲಿನ ಏಳು ಸಾಲುಗಳಲ್ಲಿ ಮೂರು ಇಂದಿಗೂ ನಿಂತಿವೆ. ಪ್ರೌಢಶಾಲೆಯ ಮಕ್ಕಳು ಆ ಕೋಣೆಗಳ ಮುಂದೆ ಒಂದು ಗಳಿಗೆ ನಿಂತರೆ ಸ್ವಾತಂತ್ರ್ಯದ ಬೆಲೆ ಪುಸ್ತಕಕ್ಕಿಂತ ಚೆನ್ನಾಗಿ ತಿಳಿದೀತು. ಚಳಿಗಾಲದಲ್ಲಿ ಅಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುವುದರಿಂದ ತಿರುಗಾಟವನ್ನು ಬೆಳಿಗ್ಗೆಯೇ ಆರಂಭಿಸಬೇಕು.

ಎರಡನೆಯದು ಲಕ್ಷದ್ವೀಪ. ಅಮೀನಿ, ಕಡಮತ್ ಮೊದಲಾದ ಅಮೀನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವೆಂಬುದನ್ನು ನಮ್ಮವರಲ್ಲಿ ಅನೇಕರು ಮರೆತಿದ್ದಾರೆ. ಒಟ್ಟು 36 ದ್ವೀಪಗಳ ವಿಸ್ತೀರ್ಣ ಕೇವಲ 32 ಚದರ ಕಿ.ಮೀ. ಜನವಸತಿ ಇರುವವು ಹತ್ತು. ಹವಳದ ಈ ನೆಲದಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ. ಮಳೆಯ ಸಿಹಿನೀರು ಮರಳಿನಡಿಯಲ್ಲಿ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿ ನಿಲ್ಲುತ್ತದೆ. ಹೆಚ್ಚು ಸೇದಿದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಕೊಳವೆಬಾವಿ ಬತ್ತುವ ಸಂಕಟವನ್ನು ಬಲ್ಲ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೋಗುವವರು ಮುಂಚಿತವಾಗಿ ಅನುಮತಿಪತ್ರ ಪಡೆಯಬೇಕು, ನೀರನ್ನು ಮಿತವಾಗಿ ಬಳಸಬೇಕು.

ಮೂರನೆಯದು ನಮ್ಮದೇ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ. ಅಂತರಘಟ್ಟೆಯಿಂದ ಘಟ್ಟವಿಳಿದರೆ ಒಂದು ಹಗಲಿನ ದಾರಿ, ಬಳಿಕ ದೋಣಿ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾರಸವು ತಣಿಯುತ್ತ ಕುಗ್ಗಿ, ಸೀಳಿ, ಬಹುಕೋನದ ಕಂಬಗಳಾಗಿ ನಿಂತಿದೆ. ತಂಗಲು ವಸತಿಯಿಲ್ಲ, ನೋಡಿ ಅಂದೇ ಮರಳಬೇಕು. ಮಳೆಗಾಲದಲ್ಲಿ ದೋಣಿ ಓಡುವುದಿಲ್ಲ.

ಇನ್ನು ಆಯ್ಕೆಯ ಮಾತು. ಅಕ್ಟೋಬರ್, ನವೆಂಬರ್‌ಗಳಲ್ಲಿ ಬಂಗಾಳಕೊಲ್ಲಿಯಲ್ಲಿ ಚಂಡಮಾರುತದ ಭಯವಿರುತ್ತದೆ. ಆದುದರಿಂದ ದಸರೆಯ ರಜೆಗೆ ಮಲ್ಪೆ, ಏಪ್ರಿಲ್ ರಜೆಗೆ ಅಂಡಮಾನ್ ತಕ್ಕುದೆಂದು ನಮ್ಮ ಎಣಿಕೆ. ಆದರೆ ಋತುವಿಗಿಂತ ದೊಡ್ಡ ವಿಚಾರವೊಂದಿದೆ. ಪ್ರವಾಸವೆಂದೊಡನೆ ಅಜ್ಜ ಅಜ್ಜಿಯರನ್ನು ಮನೆಯ ಕಾವಲಿಗೆ, ದನಕರುಗಳ ಮೇವಿಗೆ ಬಿಟ್ಟು ಹೊರಡುವ ರೂಢಿ ಬೆಳೆಯುತ್ತಿದೆ. ಜೀವಮಾನವೆಲ್ಲ ತೋಟಕ್ಕೆ ದುಡಿದು ಒಮ್ಮೆಯೂ ಕಡಲನ್ನು ಕಾಣದ ಹಿರಿಯರು ಎಷ್ಟು ಮನೆಗಳಲ್ಲಿಲ್ಲ! ಅವರ ಮೊಣಕಾಲು ಒಪ್ಪುವ ದಾರಿ ಯಾವುದೋ ಆ ದ್ವೀಪವನ್ನೇ ಮೊದಲು ಆರಿಸಿರಿ. ಹಸುಗಳನ್ನು ನೆರೆಯವರು ನಾಲ್ಕು ದಿನ ನೋಡಿಕೊಂಡಾರು. ಮರುವರ್ಷ ಅವರು ಹೊರಟಾಗ ನೀವು ನೋಡಿಕೊಳ್ಳಿರಿ.

ದೂರದ ದ್ವೀಪವು ಎಲ್ಲಿಗೂ ಹೋಗುವುದಿಲ್ಲ. ಸಾಲ ಮಾಡದೆ ಕೂಡಿಟ್ಟು ಮುಂದೆ ಹೋಗಬಹುದು. ಹಿರಿಯರ ಕಾಲಿನ ಕಸುವು ಹಾಗೆ ಕಾಯದು.