ಪಹಣಿಯಲ್ಲಿಲ್ಲದ ಕಾಡು

ಊರಿನ ಮನೆಯನ್ನು ಮಾರುವುದೆಂದು ತೀರ್ಮಾನವಾದ ಮೇಲೆ, ದಲ್ಲಾಳಿಯೊಬ್ಬರು ಸಿದ್ಧಪಡಿಸಿದ ಜಾಹೀರಾತು ಕಳೆದ ಮಳೆಗಾಲದಲ್ಲಿ ನಮ್ಮೆಲ್ಲರ ಮೊಬೈಲಿಗೆ ಬಂತು. ‘ಪಶ್ಚಿಮ ಘಟ್ಟದ ಬುಡದಲ್ಲಿ, ಏಳು ಎಕ್ರೆ ದಟ್ಟ ಕಾಡಿನ ನಡುವೆ ಹಳೆಯ ಹೆಂಚಿನ ಮನೆ. ಅಕ್ಕಪಕ್ಕ ಯಾರೂ ಇಲ್ಲ. ಸಂಪೂರ್ಣ ಏಕಾಂತ. ಹೋಂಸ್ಟೇಗೆ ಯೋಗ್ಯ.’ ಒಡಹುಟ್ಟಿದವರು ನಾವು ನಾಲ್ವರು. ಅಣ್ಣ ಥಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ, ಅಕ್ಕ ಕಲ್ಯಾಣದಲ್ಲಿ, ಇದನ್ನು ಬರೆಯುತ್ತಿರುವವರು ಡೊಂಬಿವಲಿಯಲ್ಲಿ, ತಂಗಿ ನವಿಮುಂಬಯಿಯ ಖಾರ್ಘರಿನಲ್ಲಿ. ನಾಲ್ವರೂ ಓದಿದೆವು. ಮೂವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅಕ್ಕ ಮಾತ್ರ, ‘ಏಳು ಎಕ್ರೆ ಎಲ್ಲಿಂದ ಬಂತು?’ ಎಂದು ಕೇಳಿದಳು.

ಪ್ರಶ್ನೆ ನ್ಯಾಯವಾದುದೇ. ಹೆಬ್ರಿಯ ಕಡೆಯ ಆ ಮನೆಗೆ ಸಂಬಂಧಿಸಿದ ಪಹಣಿಯಲ್ಲಿ ನಮ್ಮ ಹೆಸರಿಗಿರುವುದು 2 ಎಕ್ರೆ 18 ಸೆಂಟ್ಸ್. ಮನೆ, ಅಂಗಳ, ಹಟ್ಟಿ, ಅಡಕೆ ತೋಟ, ಬಾವಿ ಎಲ್ಲವೂ ಅದರೊಳಗೇ. ಉಳಿದದ್ದು ಕುಮ್ಕಿ. ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಆ ಪದದ ಅರ್ಥ ಗೊತ್ತಿಲ್ಲ. ಅವರಿಗಾಗಿ ಎರಡು ಮಾತು. ಹಳೆಯ ಕೆನರಾ ಜಿಲ್ಲೆಯಲ್ಲಿ ವರ್ಗ ಜಮೀನು ಉಳ್ಳವನಿಗೆ, ತನ್ನ ಕೃಷಿಭೂಮಿಗೆ ತಾಗಿ 100 ಗಜದೊಳಗಿರುವ ಸರಕಾರಿ ಭೂಮಿಯಿಂದ ಸೊಪ್ಪು, ತರಗೆಲೆ, ಕಟ್ಟಿಗೆ ತರುವ, ದನ ಮೇಯಿಸುವ ಸವಲತ್ತು ಇತ್ತು. 1964ರ ಕರ್ನಾಟಕ ಭೂ ಕಂದಾಯ ಕಾಯಿದೆಯ 79ನೆಯ ಕಲಮು ಅದನ್ನು ಇಂದಿಗೂ ಉಳಿಸಿಕೊಂಡಿದೆ. ಕೊಡಗಿನ ಬಾಣೆ, ಉತ್ತರ ಕನ್ನಡದ ಸೊಪ್ಪಿನ ಬೆಟ್ಟ ಇದರ ದಾಯಾದಿಗಳು. ಕುಮ್ಕಿ ತೋಟದ ಜೊತೆಗೇ ಇರುತ್ತದೆ, ಆದರೆ ತೋಟದ ಒಡೆಯನದಲ್ಲ. ಅದನ್ನು ಅನುಭವಿಸಬಹುದು, ಮಾರಲಾಗದು. ರೈತರಿಗೆ ಮಂಜೂರು ಮಾಡಿಕೊಡಬೇಕೆಂಬ ಬೇಡಿಕೆ ದಶಕಗಳಷ್ಟು ಹಳೆಯದು. ಅದು ಬೇರೆಯೇ ವಾಗ್ವಾದ. ನಮ್ಮ ಮಟ್ಟಿಗೆ ವಿಷಯ ಇಷ್ಟೇ: ಜಾಹೀರಾತಿನ ಏಳು ಎಕ್ರೆಯಲ್ಲಿ ಸುಮಾರು ಐದು ಎಕ್ರೆ ನಮ್ಮದಲ್ಲ.

‘ಎಲ್ಲರೂ ಹಾಗೆಯೇ ಬರೆಯುವುದು ಸಾರ್’ ಎಂದರು ದಲ್ಲಾಳಿಗಳು. ಅವರ ಮಾತಿನಲ್ಲಿ ಸುಳ್ಳಿಲ್ಲ. ಘಟ್ಟದ ಕೆಳಗಿನ ಒಂಟಿಮನೆಗಳು ಇಂದು ಮಾರಾಟವಾಗುತ್ತಿರುವುದು ಹೀಗೆಯೇ. ತೋಟಕ್ಕೊಂದು ಬೆಲೆ, ಮನೆಯ ಹಳೆಯ ಮರಮಟ್ಟಿಗೊಂದು ಬೆಲೆ, ಇವೆರಡನ್ನೂ ಮೀರಿಸುವಂತೆ ಹಿಂದಿನ ಹಾಡಿಗೊಂದು ಬೆಲೆ. ಆ ಮೂರನೆಯ ಬೆಲೆಗೆ ದಾಖಲೆಯಿಲ್ಲ. ಕ್ರಯಪತ್ರದಲ್ಲಿ ಅದು ಕಾಣುವುದಿಲ್ಲ, ಆದರೆ ಕೊಳ್ಳುವವರ ಕಣ್ಣಿನಲ್ಲಿ ಕಾಣುತ್ತದೆ.

ಈ ಕಣ್ಣು ನಮಗೂ ಬಂದದ್ದು ಹೇಗೆಂದು ಯೋಚಿಸಿದರೆ ದೂರ ಹೋಗಬೇಕಾಗಿಲ್ಲ. ಅಣ್ಣನ ಮನೆಯಿರುವ ಘೋಡ್‌ಬಂದರ್ ರಸ್ತೆಯಲ್ಲಿ ಯೇವೂರು ಗುಡ್ಡದ ಕಡೆಗೆ ಮುಖ ಮಾಡಿದ ಫ್ಲ್ಯಾಟಿಗೂ, ಅದೇ ಕಟ್ಟಡದಲ್ಲಿ ರಸ್ತೆಯ ಕಡೆಗಿರುವ ಫ್ಲ್ಯಾಟಿಗೂ ದರ ಬೇರೆ. ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವನ್ನು ಯಾವ ಬಿಲ್ಡರನೂ ನೆಟ್ಟು ಬೆಳೆಸಿಲ್ಲ. ಆದರೂ ಅದರ ಹಸಿರನ್ನು ಚದರಡಿಯ ಲೆಕ್ಕದಲ್ಲಿ ಮಾರಲಾಗುತ್ತಿದೆ. ಕಲ್ಯಾಣದಿಂದ ಮುರಬಾಡಿನತ್ತ, ಪನವೇಲಿನಿಂದ ಕರ್ಜತಿನತ್ತ ಹೋಗುವ ದಾರಿಯಲ್ಲಿ ವಾರಾಂತ್ಯದ ಮನೆಗಳ ಫಲಕಗಳು ಹೇಳುವುದೂ ಇದನ್ನೇ. ನಮ್ಮ ಬಳಗದಲ್ಲಿ ಊರಿನ ಹಾಡಿಯ ಮನೆಯನ್ನು ಮಾರಿ, ಬಂದ ಹಣದಲ್ಲಿ ಕರ್ಜತಿನ ಬಳಿ ಪ್ಲಾಟು ಕೊಂಡು, ನಾಲ್ಕು ಮಾವಿನ ಸಸಿ ನೆಟ್ಟು ‘ಊರಿನ ಹಾಗೆಯೇ ಇದೆ’ ಎಂದು ಕರೆದವರೂ ಇದ್ದಾರೆ. ಕರೆದಾಗ ಹೋಗಿ ಊಟ ಮಾಡಿ ಬಂದಿದ್ದೇವೆ, ಹಾಗಾಗಿ ಹೆಚ್ಚು ಹೇಳುವಂತಿಲ್ಲ. ಎರಡು ಮೂರು ದಶಕ ಈ ಪ್ರದೇಶದಲ್ಲಿ ಬಾಳಿದ ನಾವು ಕಾಡನ್ನು ನೋಟವೆಂದು ಕಾಣಲು ಕಲಿತಿದ್ದೇವೆ. ಜಾಹೀರಾತಿನಲ್ಲಿ ನಮಗೆ ತಪ್ಪು ಕಾಣದಿದ್ದುದು ಅದಕ್ಕೇ.

ಅದರ ಎರಡನೆಯ ವಾಕ್ಯ ಮೊದಲನೆಯದಕ್ಕಿಂತ ದೊಡ್ಡ ಸುಳ್ಳು. ‘ಅಕ್ಕಪಕ್ಕ ಯಾರೂ ಇಲ್ಲ.’ ಒಂಟಿಮನೆ ಎಂಬುದು ನಮ್ಮ ಕಡೆ ಏಕಾಂತದ ಹೆಸರಲ್ಲ, ಭೂಮಿಯ ಏರಿಳಿತ ಮಾಡಿಸಿದ ವ್ಯವಸ್ಥೆ. ಗುಡ್ಡದ ಸಂದಿನಲ್ಲಿ ನೀರಿರುವಷ್ಟೇ ತೋಟ, ತೋಟಕ್ಕೊಂದು ಮನೆ, ಮನೆಗೂ ಮನೆಗೂ ನಡುವೆ ಹಾಡಿ. ಕೂಗಿದರೆ ಕೇಳುತ್ತದೆ, ನೋಡಿದರೆ ಕಾಣುವುದಿಲ್ಲ, ಅಷ್ಟೇ. ಆ ಹಾಡಿಯೊಳಗೆ ಬೇಸಗೆಯಲ್ಲಿ ತರಗೆಲೆ ಗುಡಿಸಲು ಹೆಡಗೆ ಹೊತ್ತು ಬರುವವರಿದ್ದರು. ಹೆಬ್ಬಲಸು ಹಣ್ಣಾದಾಗ, ಪುನರ್ಪುಳಿ ಉದುರಿದಾಗ ಸುತ್ತಲಿನ ಮಕ್ಕಳೆಲ್ಲ ಅಲ್ಲಿಯೇ. ಮೊದಲ ಮಳೆಗೆ ಅಣಬೆ ಹುಡುಕುವವರು ನಸುಕಿನಲ್ಲೇ ಟಾರ್ಚು ಹಿಡಿದು ಬಂದರೆ ಅಮ್ಮ ಒಳಗಿನಿಂದಲೇ ಯಾರೆಂದು ಕೇಳುತ್ತಿದ್ದರು. ಹೆಸರು ಹೇಳಿದರೆ ಸಾಕಿತ್ತು. ಮೇಲಿನ ಮನೆಯವರು ಹಾಲು ಡೈರಿಗೆ ಒಯ್ಯುವುದು ನಮ್ಮ ಅಂಗಳದ ಬದಿಯಿಂದಲೇ. ಹಾಡಿಯ ನೆತ್ತಿಯಲ್ಲಿ ಹುಟ್ಟುವ ತೋಡಿಗೆ ಮಳೆಗಾಲ ಮುಗಿದ ಮೇಲೆ ಕಲ್ಲು, ಮಣ್ಣು, ಸೊಪ್ಪಿನಿಂದ ಕಟ್ಟ ಹಾಕುತ್ತಿದ್ದುದು ನಾವೊಬ್ಬರೇ ಅಲ್ಲ, ಕೆಳಗಿನ ಮೂರು ಮನೆಯವರು ಕೂಡಿ. ನೀರು ಸರದಿಯಂತೆ ಹರಿಯುತ್ತಿತ್ತು. ಇನ್ನು ನಾಗಬನ. ನಾಗರಪಂಚಮಿಯಂದು ತನು ಎರೆಯಲು ಎಲ್ಲೆಲ್ಲಿಂದಲೋ ಬರುವ ಕುಟುಂಬದವರಿಗೆ ನಮ್ಮ ವಿಳಾಸ ಗೊತ್ತಿರದಿದ್ದರೂ ಬನದ ದಾರಿ ಗೊತ್ತು. (ಬನದ ಮರ ಕಡಿದು ಸಿಮೆಂಟಿನ ಕಟ್ಟೆ ಕಟ್ಟುವ ಈಗಿನ ಭಕ್ತಿ ನಮ್ಮಲ್ಲಿಗೆ ಇನ್ನೂ ಬಂದಿಲ್ಲವೆಂಬುದು ಸಮಾಧಾನ.)

ಇವೆಲ್ಲದರ ಮೇಲೆ ‘ಏಕಾಂತ’ವೆಂಬ ಮಾತನ್ನು ಅಂಟಿಸಿ ಮಾರಿದರೆ ಕೊಂಡವನು ಮೊದಲು ಮಾಡುವ ಕೆಲಸವೇನು? ಬೇಲಿ, ಗೇಟು, ಕ್ಯಾಮೆರಾ. ಅವನನ್ನು ದೂರುವಂತಿಲ್ಲ. ಹಣ ಕೊಟ್ಟು ಕೊಂಡದ್ದನ್ನು ಅವನು ಕಾದುಕೊಳ್ಳುತ್ತಾನೆ. ಇಲ್ಲದ ಏಕಾಂತವನ್ನು ಅವನಿಗೆ ಮಾರಿದವರು ನಾವು.

ಹಾಗಾದರೆ ಮಾರಲೇಬಾರದೆ? ಊರಿನ ಮನೆ ಮಾರುವುದನ್ನು ಪಾಪವೆಂಬಂತೆ ಮಾತನಾಡುವ ರೂಢಿ ಮುಂಬಯಿ ಕನ್ನಡಿಗರಲ್ಲಿದೆ. ಸಂಘದ ವಾರ್ಷಿಕೋತ್ಸವದ ಭಾಷಣಗಳಲ್ಲಿ ಆ ರೂಢಿಗೆ ಒಳ್ಳೆಯ ಚಪ್ಪಾಳೆಯೂ ಸಿಗುತ್ತದೆ. ಬಾಂದ್ರಾದ ಕಡಲೆದುರು ಕುಳಿತು ಹನೇಹಳ್ಳಿಯನ್ನು ಕಂಡ ಯಶವಂತ ಚಿತ್ತಾಲರನ್ನು ಓದಿಕೊಂಡವರು ನಾವು; ಊರು ಮನಸ್ಸಿನಲ್ಲಿ ಉಳಿಯುವ ಬಗೆ ನಮಗೂ ಗೊತ್ತು. ಆದರೆ ಹೆಂಚಿನ ಮನೆ ಮನಸ್ಸಿನಲ್ಲಿ ಉಳಿಯುವುದಿಲ್ಲ. ಒಂದು ಹೆಂಚು ಸರಿದರೆ ಒಂದೇ ಮಳೆಗಾಲ ಸಾಕು, ಪಕಾಸಿನಿಂದ ತೊಲೆಗೆ, ತೊಲೆಯಿಂದ ಗೋಡೆಗೆ ನೀರು ಇಳಿಯುತ್ತದೆ. ಅಮ್ಮ ತೀರಿಕೊಂಡ ಮೇಲಿನ ಐದು ಮಳೆಗಾಲಗಳಲ್ಲಿ ನಾವು ನಾಲ್ವರೂ ಕೂಡಿ ಆ ಮನೆಯಲ್ಲಿ ಕಳೆದ ದಿನಗಳು ಇಪ್ಪತ್ತೂ ಆಗಲಿಕ್ಕಿಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದಾಗ ಊರು ಹತ್ತಿರವಾಯಿತೆಂದು ಸಂಭ್ರಮಿಸಿದ್ದೆವು. ಹತ್ತಿರವಾದದ್ದೇನೋ ನಿಜ, ಎರಡು ದಿನದ ರಜೆಯಲ್ಲಿ ಹೋಗಿ ಬರುವಷ್ಟು ಹತ್ತಿರ. ತಿಂಗಳುಗಟ್ಟಲೆ ಇರುವ ರೂಢಿ ಅದರೊಂದಿಗೇ ತಪ್ಪಿತು. ಕೇಂದ್ರ ಸರಕಾರದ ನೌಕರರಾದ ನಾವು ಪ್ರತಿ ಜನವರಿ 31ರೊಳಗೆ ಸ್ಥಿರಾಸ್ತಿ ವಿವರ ಸಲ್ಲಿಸಬೇಕು. ಅದರಲ್ಲಿ ‘ಪಿತ್ರಾರ್ಜಿತ ಮನೆ ಮತ್ತು ತೋಟ’ ಎಂದು ಬರೆದು, ವಾರ್ಷಿಕ ಆದಾಯದ ಅಂಕಣದಲ್ಲಿ ‘ಇಲ್ಲ’ ಎಂದು ತುಂಬುತ್ತಾ ಬಂದಿದ್ದೇವೆ. ಬೀಗ ಹಾಕಿದ ಮನೆಯನ್ನು ಹೆಮ್ಮೆಯ ಸಲುವಾಗಿ ಇಟ್ಟುಕೊಳ್ಳುವುದರಲ್ಲಿ ಯಾವ ಊರಿನ ಪ್ರೀತಿಯೂ ನಮಗೆ ಕಾಣುವುದಿಲ್ಲ. ಮಾರುವುದು ಸರಿ. ಯಾರಿಗೆ, ಏನೆಂದು ಹೇಳಿ ಮಾರುವುದು ಎಂಬುದಷ್ಟೇ ಚರ್ಚೆಗೆ ಯೋಗ್ಯವಾದುದು.

ಮುಂದೆ ಬಂದವರು ಇಬ್ಬರು. ಒಬ್ಬರು ಬೆಂಗಳೂರಿನವರು, ಒಟ್ಟಿಗೆ ಹಣ ಕೊಡಬಲ್ಲವರು, ಹಾಡಿಯೊಳಗೆ ಆರು ಕಾಟೇಜು ಕಟ್ಟುವ ಯೋಚನೆಯುಳ್ಳವರು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕಿದ್ದ ಅಡ್ಡಿಯನ್ನು ಕರ್ನಾಟಕ ಸರಕಾರ 2020ರ ತಿದ್ದುಪಡಿಯಲ್ಲಿ ತೆಗೆದುಹಾಕಿದ ಬಳಿಕ ಇಂತಹವರು ಬರುವುದು ಹೊಸತಲ್ಲ. ಇನ್ನೊಬ್ಬರು ಕೆಳಗಿನ ಮನೆಯವರು. ಅವರು ಕೊಡಬಲ್ಲದ್ದು ಮೊದಲಿನವರಿಗಿಂತ ಮೂರನೆಯ ಒಂದು ಭಾಗ ಕಡಿಮೆ, ಅದೂ ಎರಡು ವರ್ಷಗಳ ಕಂತಿನಲ್ಲಿ.

ಕೆಳಗಿನ ಮನೆಯವರ ಕತೆಯನ್ನು ಮುಚ್ಚಿಟ್ಟು ಮುಂದೆ ಹೋಗುವುದು ಅಪ್ರಾಮಾಣಿಕವಾದೀತು. ಅವರ ತಂದೆ ನಮ್ಮ ಅಜ್ಜನ ಬೈಲುಗದ್ದೆಯ ಚಾಲಗೇಣಿ ಒಕ್ಕಲು. 1974ರ ಭೂಸುಧಾರಣೆಯ ತಿದ್ದುಪಡಿ ಬಂದಾಗ ಅವರು ಡಿಕ್ಲರೇಶನ್ ಹಾಕಿದರು, ಗದ್ದೆ ಅವರದಾಯಿತು. ಅಜ್ಜ ಸಾಯುವವರೆಗೂ ಅವರೊಡನೆ ಮಾತನಾಡಲಿಲ್ಲ. ಅವರು ಮಾತ್ರ ಎದುರಾದಾಗಲೆಲ್ಲ ‘ಧನಿ’ ಎಂದು ಕರೆಯುವುದನ್ನು ಬಿಡಲಿಲ್ಲವೆಂದು ಅಪ್ಪ ಹೇಳುತ್ತಿದ್ದರು. ಮಗ ಧನಿ ಎನ್ನುವುದಿಲ್ಲ, ನಮ್ಮ ಅಣ್ಣನನ್ನು ಅಣ್ಣ ಎಂದೇ ಕರೆಯುತ್ತಾರೆ. ಅಮ್ಮನ ಕೊನೆಯ ದಿನಗಳಲ್ಲಿ ಆಸ್ಪತ್ರೆಗೆ ಕರೆದೊಯ್ದವರೂ ಅವರೇ.

ಎಂ.ಎ. ತರಗತಿಯಲ್ಲಿ ಚೆಕಾಫನ ‘ಚೆರಿ ತೋಪು’ ನಾಟಕವನ್ನು ನಾವು ಕಳೆದುಹೋದ ಸಿರಿವಂತಿಕೆಯ ಶೋಕಗೀತವೆಂದು ಓದಿದ್ದೆವು. 1904ರಲ್ಲಿ ರಂಗಕ್ಕೆ ಬಂದ ಆ ನಾಟಕದಲ್ಲಿ ಸಾಲದಲ್ಲಿ ಮುಳುಗಿದ ಮನೆತನದ ತೋಪನ್ನು ಹರಾಜಿನಲ್ಲಿ ಕೊಳ್ಳುವವನು ಲೋಪಾಹಿನ್. ಅವನ ತಂದೆ, ತಾತ ಅದೇ ಎಸ್ಟೇಟಿನ ಜೀತದಾಳುಗಳು. ತೋಪನ್ನು ಕಡಿದು ಬೇಸಗೆ ಮನೆಗಳಿಗೆ ನಿವೇಶನ ಮಾಡುವುದು ಅವನ ಲೆಕ್ಕಾಚಾರ. ಪರದೆ ಬೀಳುವಾಗ ಕೇಳುವುದು ಕೊಡಲಿಯ ಸದ್ದು. ನಮ್ಮ ಊರಿನಲ್ಲಿ ಪಾತ್ರಗಳು ಬದಲಾಗಿವೆ. ಬೇಸಗೆ ಮನೆ ಕಟ್ಟುವವರು ಹೊರಗಿನವರು. ಒಕ್ಕಲಿನ ಮಗನಿಗೆ ಮರಗಳು ನಿಂತಿರಬೇಕು. ಪ್ರಕೃತಿಪ್ರೇಮದಿಂದಲ್ಲ; ಅವರ ಹಟ್ಟಿಗೆ ಸೊಪ್ಪು ಬೇಕು, ತೋಟಕ್ಕೆ ನೀರು ಬೇಕು. ‘ದಾರಿಗೆ ಗೇಟು ಬಿದ್ದರೆ ಸುತ್ತು ಹಾಕಿ ಹೋಗಬಹುದು ಅಣ್ಣ, ತೋಡು ಬತ್ತಿದರೆ ನಮಗೆ ತೋಟವಿಲ್ಲ’ ಎಂದು ಅವರು ಫೋನಿನಲ್ಲಿ ಹೇಳಿದ್ದು ಇಷ್ಟೇ. ನೋಟಕ್ಕಾಗಿ ಕಾಡನ್ನು ಬಯಸುವವರಿಗಿಂತ ಸೊಪ್ಪಿಗಾಗಿ ಬಯಸುವವರ ಕೈಯಲ್ಲಿ ಕಾಡು ಹೆಚ್ಚು ಕಾಲ ಬಾಳುತ್ತದೆಂಬುದು ನಮ್ಮ ಅಭಿಪ್ರಾಯ.

ಕಲ್ಯಾಣದಲ್ಲಿ ಅಕ್ಕನ ಮನೆಯಲ್ಲಿ ಒಂದು ಭಾನುವಾರ ಇಡೀ ದಿನ ಮಾತಾಯಿತು. ಅಣ್ಣನ ಆಕ್ಷೇಪ ನೇರವಾದುದು: ‘ಕಾನೂನಿನಿಂದ ಒಮ್ಮೆ ಹೋದದ್ದು ಸಾಲದೆ? ಮನೆಯನ್ನೂ ಅವರಿಗೇ ಕೊಡುವುದೆ?’ ಐವತ್ತು ವರ್ಷ ಕಳೆದರೂ, ಘೋಡ್‌ಬಂದರಿನ ಹದಿನಾಲ್ಕನೆಯ ಮಹಡಿಯಲ್ಲಿಯೂ, ಅಜ್ಜನ ಮೌನ ಉಳಿದುಕೊಂಡಿದೆಯೆಂದು ಆಗ ತಿಳಿಯಿತು. ತಂಗಿಯ ಆಕ್ಷೇಪ ಇನ್ನೂ ಗಂಭೀರವಾದುದು. ಅವಳಿಗೆ ಗೃಹಸಾಲವಿದೆ, ಮಗಳು ಕಾಲೇಜು ಸೇರುವ ವರ್ಷ. ‘ನಿಮ್ಮ ಆದರ್ಶಕ್ಕೆ ನನ್ನ ಪಾಲಿನಿಂದ ಕತ್ತರಿಸುವುದೇಕೆ?’ ಎಂದು ಕೇಳಿದಳು. ಇದಕ್ಕೆ ಉತ್ತರ ಕೊಡದೆ ಕಾಡಿನ ಬಗ್ಗೆ ಪ್ರಬಂಧ ಬರೆಯುವ ಹಕ್ಕು ಯಾರಿಗೂ ಇಲ್ಲ.

ಕೊನೆಗೆ ಒಪ್ಪಿದ್ದು ಹೀಗೆ. ಮೊದಲ ಕಂತು ಪೂರ್ತಿಯಾಗಿ ತಂಗಿಗೆ. ಒಟ್ಟು ಹಣದಲ್ಲಿ ಆಗುವ ಕೊರತೆಯಲ್ಲಿ ಅವಳ ಪಾಲಿನದನ್ನು ಉಳಿದ ಮೂವರು ಹೊರುವುದು. ಅಣ್ಣ ಒಪ್ಪಿದ್ದು ವಾದಕ್ಕೆ ಸೋತಲ್ಲ. ಬೆಂಗಳೂರಿನವರ ನಕ್ಷೆಯಲ್ಲಿ ನಾಗಬನದ ಪಕ್ಕಕ್ಕೆ ಈಜುಕೊಳ ಗುರುತು ಮಾಡಿದ್ದನ್ನು ಕಂಡು.

ಮಾರುವವರು ಷರತ್ತು ಹಾಕಿ ಬಿಗಿಮಾಡಬಹುದಲ್ಲ, ಹಣವನ್ನೇಕೆ ಬಿಡಬೇಕು ಎಂದು ಗೆಳೆಯರೊಬ್ಬರು ಕೇಳಿದರು. ನಾವೂ ಹಾಗೆಯೇ ಎಣಿಸಿದ್ದೆವು. 1882ರ ಸ್ವತ್ತು ವರ್ಗಾವಣೆ ಕಾಯಿದೆ ಅಷ್ಟು ಉದಾರಿಯಲ್ಲ. ಕೊಂಡವನು ಮತ್ತೆಂದೂ ಮಾರಬಾರದೆಂಬ ಷರತ್ತು ಅದರ 10ನೆಯ ಕಲಮಿನ ಪ್ರಕಾರ ನಿಲ್ಲದು. ಪೂರ್ಣ ಹಕ್ಕು ಕೊಟ್ಟ ಮೇಲೆ ‘ಹೀಗೆ ಬಳಸು, ಹಾಗೆ ಬಳಸಬೇಡ’ ಎನ್ನುವುದಕ್ಕೂ 11ನೆಯ ಕಲಮು ಅಡ್ಡಿ. ಆದರೆ ಅದೇ ಕಲಮಿನಲ್ಲಿ ಒಂದು ಕಿಂಡಿಯಿದೆ: ಮಾರುವವನು ಪಕ್ಕದಲ್ಲೇ ತನ್ನದೊಂದು ತುಂಡು ಭೂಮಿಯನ್ನು ಉಳಿಸಿಕೊಂಡಿದ್ದರೆ, ಅದರ ಸುಖಾನುಭೋಗಕ್ಕೆ ಅಗತ್ಯವಾದ ನಿರ್ಬಂಧಕ್ಕೆ ಬೆಲೆಯಿದೆ. ಆದ್ದರಿಂದ ನಾಗಬನದ 8 ಸೆಂಟ್ಸನ್ನು ನಾಲ್ವರ ಹೆಸರಿನಲ್ಲಿ ಉಳಿಸಿಕೊಂಡಿದ್ದೇವೆ. ಬನಕ್ಕೆ ಹೋಗುವ ದಾರಿ, ಮೇಲಿನ ಮನೆಯವರ ನಡೆದಾಡುವ ಮಾಮೂಲು ದಾರಿ, ತೋಡಿನ ನೀರಿನ ಸರದಿ, ಮೂರನ್ನೂ ಚಕ್ಕುಬಂದಿಯೊಂದಿಗೆ ಕ್ರಯಪತ್ರದಲ್ಲಿ ಬರೆಸಲಿದ್ದೇವೆ. ಕುಮ್ಕಿಯ ವಿಷಯದಲ್ಲಿ ಒಂದೇ ಸಾಲು: ಅದು ಸರಕಾರದ್ದು, ಅದಕ್ಕೆ ಹಣ ಪಡೆದಿಲ್ಲ. ಕೆಳಗಿನ ಮನೆಯವರ ಮಕ್ಕಳು ನಾಳೆ ಬೆಂಗಳೂರಿನವರಿಗೇ ಮಾರಿದರೆ ತಡೆಯುವ ಶಕ್ತಿ ನಮಗಿಲ್ಲ. ಅವರ ಒಬ್ಬ ಮಗ ಈಗಾಗಲೇ ಐರೋಲಿಯ ಕಂಪೆನಿಯೊಂದರಲ್ಲಿದ್ದಾನೆ. ಅವನೂ ನಮ್ಮವನೇ ಆದ.

ಮಾರಾಟಕ್ಕೆ ಮುನ್ನ ಇಲಾಖೆಗೆ ಕೊಡಬೇಕಾದ ಸೂಚನೆ ಕೊಟ್ಟಾಗಿದೆ. ಬನವನ್ನು ಬೇರ್ಪಡಿಸಲು 11ಇ ನಕ್ಷೆಗೆ ಅರ್ಜಿ ಹಾಕಿದ್ದೇವೆ, ಸರ್ವೆಯರರು ಬರುವ ದಿನ ಅಕ್ಕ ಊರಿಗೆ ಹೋಗುತ್ತಾಳೆ. ಗಡಿಕಲ್ಲುಗಳಲ್ಲಿ ಎರಡು ತರಗೆಲೆಯಡಿ ಹೂತುಹೋಗಿವೆಯಂತೆ. ಅವು ಎಲ್ಲಿವೆಯೆಂದು ಈಗ ಗೊತ್ತಿರುವುದು ಕೆಳಗಿನ ಮನೆಯವರಿಗೆ ಮಾತ್ರ, ತೋರಿಸಿಕೊಡುತ್ತೇನೆ ಎಂದಿದ್ದಾರೆ.