ನಾಲಿಗೆ ಉರಿಗೆ ಬರೀ ಉಷ್ಣವೇ ಕಾರಣವೇ?

ನಾಲಿಗೆ ಉರಿದರೆ ನಮ್ಮ ಮನೆಗಳಲ್ಲಿ ಒಂದೇ ತೀರ್ಪು: ‘ಉಷ್ಣ ಆಗಿದೆ, ಮಜ್ಜಿಗೆ ಕುಡಿ.’ ಎರಡು ದಿನದ ಉರಿಗೆ ಅಷ್ಟು ಸಾಕು. ಎರಡು ವಾರ ದಾಟಿದರೆ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ ಅನ್ನುತ್ತೇನೆ ನಾನು. ಕಬ್ಬಿಣದ ಅಂಶವೋ ಬಿ12 ಜೀವಸತ್ವವೋ ಕಡಿಮೆಯಾದರೆ ನಾಲಿಗೆ ನುಣುಪಾಗಿ, ಕೆಂಪಾಗಿ ಉರಿಯಬಹುದು. ಬಿ12 ಸೊಪ್ಪು, ಬೇಳೆಯಲ್ಲಿ ಸಿಗದು. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ನನ್ನಂತೆ ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಅದು ಇನ್ನೂ ಇಳಿಯಬಹುದು. ಆಗ ಬರೀ ಫೋಲಿಕ್ ಆಸಿಡ್ ಮಾತ್ರೆ ತೆಗೆದುಕೊಂಡರೆ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ಒಳಗೆ ನರಗಳು ಹಾಳಾಗುತ್ತಲೇ ಇರಬಹುದು. ಪಾಸ್‌ಬುಕ್ಕು ಸರಿಯಿದ್ದು ಲೆಡ್ಜರು ತಪ್ಪಿದ ಹಾಗೆ! ಸರಿಯಾಗಿ ಕೂರದ ಹಲ್ಲಿನ ಸೆಟ್ಟು, ಬಾಯಿ ಒಣಗಿಸುವ ಮಾತ್ರೆ, ನಾಲಿಗೆಗೆ ಬೆಳ್ಳಗೆ ಹತ್ತುವ ಬೂಷ್ಟು ಕೂಡ ಉರಿ ತರುತ್ತವೆ. ಮಕ್ಕಳೇ, ಅಜ್ಜಿ ದಿನಾ ‘ಸಾರು ಖಾರ’ ಅಂತ ತಟ್ಟೆ ಸರಿಸಿದರೆ, ಅವರ ನಾಲಿಗೆ ಒಮ್ಮೆ ನೋಡಿ.